ಗುಟ್ಟು ಕಾಯುವವರು

ಕತ್ತೆಕಿವಿಯ ರಾಜನ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ಕಡೆ ಕಡಿಮೆ. ರಾಜನ ಕಿವಿಗಳು ಕಿರೀಟದೊಳಗೆ ಅಡಗಿರುತ್ತವೆ. ರಾಣಿಗೂ ಗೊತ್ತಿಲ್ಲ, ಮಂತ್ರಿಗೂ ಗೊತ್ತಿಲ್ಲ, ಗೊತ್ತಿರುವವನು ಕ್ಷೌರಿಕನೊಬ್ಬನೇ. ಹೇಳಿದರೆ ತಲೆ ಹೋಗುತ್ತದೆ, ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಕೊನೆಗೆ ಅವನು ತಡೆಯಲಾರದೆ ಕಾಡಿಗೆ ಹೋಗಿ, ಮರದ ಪೊಟರೆಯೊಂದಕ್ಕೆ ಬಾಯಿಟ್ಟು ಗುಟ್ಟನ್ನು ಹೇಳಿ, ಹಗುರಾಗಿ ಮನೆಗೆ ಬರುತ್ತಾನೆ. ಆ ಮರವನ್ನು ಯಾರೋ ಕಡಿದು ಮದ್ದಲೆ ಮಾಡುತ್ತಾರೆ. ತುಂಬಿದ ಸಭೆಯಲ್ಲಿ ಕೈ ಬಿದ್ದ ಕೂಡಲೆ ಮದ್ದಲೆ 'ರಾಜನ ಕಿವಿ ಕತ್ತೆ ಕಿವಿ' ಎಂದು ನುಡಿಯುತ್ತದೆ. ನನ್ನ ಅಜ್ಜಿ ಇಲ್ಲಿಗೆ ಬಂದಾಗ ಹಿತ್ತಾಳೆ ತಟ್ಟೆಯೊಂದನ್ನು ಬೋರಲು ಹಾಕಿ ಬೆರಳಿನಿಂದ ಬಾರಿಸುತ್ತಿದ್ದಳು. ನಾವು ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಆಗ ನನ್ನ ಕನಿಕರವೆಲ್ಲ ಕ್ಷೌರಿಕನ ಮೇಲೆ. ರಾಜನಿಗೇನು, ಕಿವಿ ಇದ್ದರೆ ಇದೆ, ಅರಮನೆಯಲ್ಲಿ ಊಟಕ್ಕೆ ಕೊರತೆಯೆ? ನಲವತ್ತೇಳನೆಯ ವಯಸ್ಸಿನಲ್ಲಿ ನನಗೆ ರಾಜನ ಸಂಕಟವೂ ತಿಳಿಯಿತು. ಕಾರಣವಿಷ್ಟೆ: ಒಂದು ದಿನ ಬೆಳಿಗ್ಗೆ ಮದ್ದಲೆ ನನ್ನ ಕಿವಿಯ ಸುದ್ದಿಯನ್ನೇ ನುಡಿಯಿತು.

ಮೊದಲಿನಿಂದ ಹೇಳುತ್ತೇನೆ. ನನ್ನ ತಾಯಿ ತೀರಿಕೊಂಡ ಮೇಲೆ ನನಗೆ ರಾತ್ರಿಯ ನಿದ್ರೆ ಹೋಯಿತು. ಹಗಲು ಹೇಗೋ ನಡೆಯುತ್ತಿತ್ತು. ಒಂದು ದಿನ ದ್ವಿತೀಯ ಬಿ.ಎ. ತರಗತಿಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ. ಚಂದ್ರಮತಿ ಮಗನ ಹೆಣದ ಮುಂದೆ ಗೋಳಾಡುವ ಭಾಗ. ಇಪ್ಪತ್ತು ವರ್ಷಗಳಿಂದ ಪಾಠ ಹೇಳಿದ ಭಾಗವದು. ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಿಸಿ ಕಿಟಕಿಯ ಕಡೆ ನೋಡಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ಆ ದಿನ ಕಿಟಕಿಯ ಕಡೆ ನೋಡಿದವನು ಮತ್ತೆ ತರಗತಿಯ ಕಡೆಗೆ ತಿರುಗಲಾರದೆ ಹೋದೆ. ಗಂಟಲು ಕಟ್ಟಿತು. ಹುಡುಗರು ಸುಮ್ಮನೆ ಕುಳಿತಿದ್ದರು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದುಬಿಟ್ಟೆ. ಮಾರನೆಯ ದಿನವೂ ಹೀಗೆಯೇ ಆದಾಗ ನನ್ನ ಹೆಂಡತಿ ಕೈಗೊಂದು ವಿಳಾಸದ ಚೀಟಿ ಕೊಟ್ಟು, "ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವುದಿಲ್ಲವೆ? ಇದಕ್ಕೂ ಹೋಗಿ" ಎಂದಳು. ಚೀಟಿಯಲ್ಲಿದ್ದದ್ದು ಆಪ್ತಸಮಾಲೋಚಕಿಯೊಬ್ಬರ ವಿಳಾಸ.

ಅವರ ಕೋಣೆ ಇದ್ದದ್ದು ಮೈಸೂರಿನ ಒಂದು ಹಳೆಯ ಕಟ್ಟಡದ ಮಹಡಿಯ ಮೇಲೆ. ಅದೇ ಮಹಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರೂ ಇದ್ದರು. ಮೆಟ್ಟಿಲಿನ ಬುಡದಲ್ಲಿ ಚಿಕ್ಕಪ್ಪನ ಮಗ ಸಿಕ್ಕಿ, "ಏನಣ್ಣ, ಇಲ್ಲಿ?" ಎಂದಾಗ ನಾನು ತಡಮಾಡದೆ "ದವಡೆ ಹಲ್ಲು" ಎಂದೆ. ಅವನು ಲವಂಗದೆಣ್ಣೆಯ ಮಹಿಮೆಯನ್ನು ಐದು ನಿಮಿಷ ವರ್ಣಿಸಿದ. ಹಲ್ಲು ನೋಯುತ್ತದೆ ಎಂದು ಬೀದಿಯಲ್ಲಿ ನಿಂತು ಹೇಳಬಹುದು. ಮನಸ್ಸು ನೋಯುತ್ತದೆ ಎಂದು ಮೆಟ್ಟಿಲಿನ ಬುಡದಲ್ಲಿಯೂ ಹೇಳುವಂತಿಲ್ಲ. ನಮ್ಮ ಸಮಾಜ ಬದಲಾಗಿದೆ ಎನ್ನುವವರು ಆ ಮೆಟ್ಟಿಲಿನ ಬಳಿ ಒಂದು ಸಂಜೆ ನಿಂತು ನೋಡಬೇಕು. ಅಲ್ಲಿಗೆ ಬರುವವರ ಪೈಕಿ ಅರ್ಧದಷ್ಟು ಮಂದಿಗೆ ಹಲ್ಲುನೋವೇ.

ಹೋಗುವ ಮುಂಚೆ ನಾನೊಂದು ಕೆಲಸ ಮಾಡಿದ್ದೆ. ಈ ಕಾಲದಲ್ಲಿ ಎಲ್ಲರೂ ಮಾಡುವುದೇ. ಆದರೂ ಬರೆಯಲು ಸಂಕೋಚ. ಆಕೆಯ ಹೆಸರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿ, ಫೋಟೋಗಳನ್ನು ನೋಡಿ, ಊರು ಯಾವುದು, ಓದಿದ್ದೆಲ್ಲಿ ಎಂದೆಲ್ಲ ತಿಳಿದುಕೊಂಡು, ಕೊನೆಗೆ ಸ್ನೇಹದ ಕೋರಿಕೆಯನ್ನೂ ಕಳಿಸಿದ್ದೆ. ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರಿಸುವುದಿಲ್ಲ. ಮೊದಲ ದಿನ ಆಕೆ ಆಡಿದ ಮೊದಲ ಮಾತೇ ಅದು. "ಸರ್, ನಿಮ್ಮ ಫ್ರೆಂಡ್ ರಿಕ್ವೆಸ್ಟ್ ಬಂದಿದೆ. ನಾನು ಒಪ್ಪಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನೀವು ಈ ಕುರ್ಚಿಯಲ್ಲಿ ಕೂತು ಏನು ಹೇಳುತ್ತೀರೋ ಅಷ್ಟೇ ನನಗೆ ಬೇಕು. ನಿಮ್ಮ ಗೋಡೆಯ ಮೇಲೆ ಏನಿದೆ ಎಂದು ನಾನು ಇಣುಕಿ ನೋಡುವುದಿಲ್ಲ." ನನಗಿಂತ ಹದಿನೈದು ವರ್ಷ ಚಿಕ್ಕವರು. ಆ ಮಾತಿನಿಂದ ನನಗೆ ನಾಚಿಕೆಯೂ ಆಯಿತು, ನೆಮ್ಮದಿಯೂ ಆಯಿತು.

ಇದು ಆಕೆಯ ಸ್ವಂತ ಶಿಸ್ತು ಮಾತ್ರವಲ್ಲ, ಆ ವೃತ್ತಿಯ ಶಿಸ್ತು ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಆಪ್ತಸಮಾಲೋಚಕರ ಸಂಘವು 2014ರಲ್ಲಿ ತನ್ನ ನೀತಿಸಂಹಿತೆಯನ್ನು ಪರಿಷ್ಕರಿಸಿದಾಗ ಸಾಮಾಜಿಕ ಜಾಲತಾಣಗಳನ್ನೂ ಅದರಲ್ಲಿ ಸೇರಿಸಿತು. ಸದ್ಯ ಸಲಹೆ ಪಡೆಯುತ್ತಿರುವವರೊಡನೆ ಜಾಲತಾಣದಲ್ಲಿ ಖಾಸಗಿ ಸ್ನೇಹ ಕೂಡದು. ಅವರು ಅಲ್ಲಿ ಬರೆದುಕೊಂಡದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೋಗಿ ನೋಡಕೂಡದು. ಮೇಲುನೋಟಕ್ಕೆ ಇದು ಅತಿಯಾಯಿತೇನೋ ಎನ್ನಿಸುತ್ತದೆ. ರೋಗಿಯ ವಿಷಯ ಹೆಚ್ಚು ತಿಳಿದರೆ ವೈದ್ಯನಿಗೆ ಒಳ್ಳೆಯದೇ ಅಲ್ಲವೆ? ಅಲ್ಲ. ತಾನಾಗಿ ಹೇಳಿಕೊಂಡ ದುಃಖವೇ ಬೇರೆ, ಇನ್ನೊಬ್ಬರು ಪತ್ತೆಹಚ್ಚಿದ ದುಃಖವೇ ಬೇರೆ. ಮೊದಲನೆಯದರಲ್ಲಿ ಹೇಳುವವನಿಗೆ ಸ್ವಲ್ಪ ಬಿಡುಗಡೆ ಇದೆ. ಎರಡನೆಯದರಲ್ಲಿ ಅವನು ಕಳ್ಳನಂತೆ ಸಿಕ್ಕಿಬೀಳುತ್ತಾನೆ.

ಆರು ವಾರ ಹೋದೆ. ಐದನೆಯ ವಾರ, ಯಾರಿಗೂ ಹೇಳದ ಒಂದು ಮಾತನ್ನು ಆಕೆಗೆ ಹೇಳಿದೆ. ಅಮ್ಮ ತೀರಿಕೊಳ್ಳುವ ಮೂರು ದಿನ ಮೊದಲು ರಾತ್ರಿ ಹತ್ತೂವರೆಗೆ ನನಗೆ ಫೋನ್ ಮಾಡಿದ್ದಳು. ನನ್ನ ಮುಂದೆ ಉತ್ತರಪತ್ರಿಕೆಗಳ ಕಟ್ಟು. ಮಾರನೆಯ ದಿನ ಅಂಕಗಳನ್ನು ಒಪ್ಪಿಸಬೇಕಾಗಿತ್ತು. ಫೋನು ಗುಂಯ್‌ಗುಟ್ಟಿತು, 'ಅಮ್ಮ' ಎಂದು ಬೆಳಗಿತು. ನಾನು ಅದನ್ನು ಉತ್ತರಪತ್ರಿಕೆಗಳ ಮೇಲೆ ಬೋರಲು ಹಾಕಿದೆ. ನಾಳೆ ಮಾಡಿದರಾಯಿತು ಎಂದುಕೊಂಡೆ, ನಾಳೆ ಮರೆತೆ, ನಾಡಿದ್ದೂ ಮರೆತೆ. ಅದರ ಮಾರನೆಯ ದಿನ ಊರಿನಿಂದ ತಮ್ಮನ ಫೋನು ಬಂತು. ಅಮ್ಮ ಏನು ಹೇಳಬೇಕೆಂದಿದ್ದಳೋ ನನಗೆ ಇನ್ನು ತಿಳಿಯುವುದಿಲ್ಲ. ಹೇಳಿ ಮುಗಿಸಿ ನಾನು ಬಹಳ ಹೊತ್ತು ಕೂತಿದ್ದೆ. ಆಕೆಯೂ ಮಾತನಾಡಲಿಲ್ಲ. ಆ ರಾತ್ರಿ ನಾಲ್ಕು ಗಂಟೆ ನಿದ್ರೆ ಬಂತು.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ನಮ್ಮ ಅಧ್ಯಾಪಕರ ವಾಟ್ಸಾಪ್ ಗುಂಪಿನಲ್ಲಿ ಇತಿಹಾಸದ ಮೇಷ್ಟರು ಒಂದು ಬರಹವನ್ನು ಹಾಕಿದ್ದರು. 'ಓದಲೇಬೇಕಾದ್ದು, ಕಣ್ಣು ತೇವವಾಯಿತು' ಎಂದು ಮೇಲೊಂದು ಸಾಲು. ಭಾಷೆ ಕಲಿಸುವ ಮೇಷ್ಟರೊಬ್ಬರು. ತಾಯಿಯ ಗೋಳಿನ ಪದ್ಯವನ್ನು ಪಾಠ ಮಾಡಲಾರದೆ ತರಗತಿಯಿಂದ ಹೊರಗೆ ಬಂದವರು. ಉತ್ತರಪತ್ರಿಕೆಗಳ ಮೇಲೆ ಬೋರಲು ಮಲಗಿದ ಫೋನು. ಕೊನೆಯಲ್ಲಿ, 'ಇಂದು ರಾತ್ರಿ ನಿಮ್ಮ ಅಮ್ಮನಿಗೆ ಒಂದು ಫೋನ್ ಮಾಡಿ' ಎಂಬ ಬುದ್ಧಿಮಾತು. ಕೆಳಗೆ ಆಪ್ತಸಮಾಲೋಚಕಿಯ ಹೆಸರು. ಆಕೆಯ ಫೇಸ್‌ಬುಕ್ ಪುಟದಿಂದ ಹೊರಟು, ಕೈಯಿಂದ ಕೈಗೆ ದಾಟಿ, ಆ ಬರಹ ನಾನು ಕೆಲಸ ಮಾಡುವ ಕಾಲೇಜಿನ ಗುಂಪಿಗೇ ಬಂದು ನಿಂತಿತ್ತು.

ಇಂಥ ಗಳಿಗೆಯಲ್ಲಿ ಮನುಷ್ಯನ ಮನಸ್ಸು ಮಾಡುವ ಚೇಷ್ಟೆಗಳು ವಿಚಿತ್ರ. ನನಗೆ ಮೊದಲು ಕಂಡದ್ದು ಆ ಬರಹದಲ್ಲಿದ್ದ ಎರಡು ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು. ಆಮೇಲೆ ಅಂಗೈ ಬೆವರಿತು. ಗುಂಪಿನಲ್ಲಿ ಒಬ್ಬೊಬ್ಬರಾಗಿ ಕೈಮುಗಿದರು. "ಪಾಪ, ಯಾರೋ ನಮ್ಮ ಹಾಗೆಯೇ ಮೇಷ್ಟ್ರು" ಎಂದು ಒಬ್ಬರು ಬರೆದರು. ಎಲ್ಲರೂ ಕೈಮುಗಿದಿರುವಾಗ ನಾನೊಬ್ಬನು ಸುಮ್ಮನಿದ್ದರೆ ಗುಮಾನಿ ಬಂದೀತೆಂದು ನಾನೂ ನನ್ನ ಕಥೆಗೇ ಕೈಮುಗಿದೆ. ಆದರೆ ತರಗತಿಯಿಂದ ಹೊರಗೆ ಬಂದವನನ್ನು ಅವರಲ್ಲಿ ಇಬ್ಬರು ಮೂವರು ಕಾರಿಡಾರಿನಲ್ಲಿಯೇ ನೋಡಿದ್ದರು. ಮಧ್ಯಾಹ್ನ ಇತಿಹಾಸದ ಮೇಷ್ಟರು ನನ್ನ ಪಕ್ಕ ಕುಳಿತು, ಏನೂ ಕೇಳದೆ, ತಮ್ಮ ಡಬ್ಬಿಯಿಂದ ಒಂದು ಚಪಾತಿಯನ್ನು ನನ್ನ ಡಬ್ಬಿಗೆ ಹಾಕಿದರು. ಅವರಿಗೆ ತಿಳಿದಿತ್ತು. ಒಳ್ಳೆಯವರು, ಆ ಒಳ್ಳೆಯತನವೇ ನನಗೆ ತಡೆಯಲಾರದ್ದಾಯಿತು.

ಸಂಜೆ ಮನೆಗೆ ಹೋದರೆ ನನ್ನ ಹೆಂಡತಿಯ ಕೈಯಲ್ಲಿಯೂ ಅದೇ ಬರಹ. "ಇದು ನೀವೇ ಅಲ್ಲವೆ?" ಎಂದಳು. ಫೋನಿನ ಸಂಗತಿಯನ್ನು ನಾನು ಅವಳಿಗೂ ಹೇಳಿರಲಿಲ್ಲ. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದವಳು ನನ್ನ ಎದೆಯ ದೊಡ್ಡ ಭಾರವನ್ನು ಊರಿನವರ ಜೊತೆಗೆ ನಿಂತು ಓದಿ ತಿಳಿಯಬೇಕಾಯಿತು. ನಾನು ಏನೇನೋ ಸಮಜಾಯಿಷಿ ಹೇಳಿದೆ. ಅವಳು ಕೇಳಿ, ಕೊನೆಗೆ ಒಂದೇ ಮಾತು ಅಂದಳು: "ನನಗೆ ಹೇಳಿದ್ದರೆ ನಾನು ಫೇಸ್‌ಬುಕ್ಕಿಗೆ ಹಾಕುತ್ತಿರಲಿಲ್ಲ."

ಆ ರಾತ್ರಿ ನಾನು ಯೋಚಿಸಿದ್ದು ಇದನ್ನೇ: ಆಕೆ ಮಾಡಿದ ತಪ್ಪು ಯಾವುದು? ಹೆಸರು ಹಾಕಿರಲಿಲ್ಲ, ಊರು ಹಾಕಿರಲಿಲ್ಲ, ಕಾಲೇಜು ಹಾಕಿರಲಿಲ್ಲ. ಉದ್ದೇಶ ಕೆಟ್ಟದ್ದಲ್ಲ. ಆ ಬರಹ ಓದಿ ಹತ್ತು ಮಂದಿಯಾದರೂ ತಮ್ಮ ತಾಯಂದಿರಿಗೆ ಫೋನು ಮಾಡಿರಬೇಕು. ಮನಸ್ಸಿನ ಕಾಯಿಲೆಯ ಸಂಗತಿಗಳನ್ನು ಜನರಿಗೆ ತಿಳಿಯುವಂತೆ ಬರೆಯುವುದು ತಪ್ಪೆನ್ನಲು ನಾನಂತೂ ಸಿದ್ಧನಿಲ್ಲ. ಕನ್ನಡದಲ್ಲಿ ಅದಕ್ಕೊಂದು ಒಳ್ಳೆಯ ಪರಂಪರೆಯೇ ಇದೆ. 'ಕೊರವಂಜಿ'ಯನ್ನು 1942ರಿಂದ ಕಾಲು ಶತಮಾನ ನಡೆಸಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ, ನಮ್ಮ 'ರಾಶಿ', ವೈದ್ಯರು. ಮನಸ್ಸಿನ ವಿಷಯವಾಗಿ ಅವರು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ವೈದ್ಯರು ಬಾಯಿ ಹೊಲಿದುಕೊಂಡು ಕೂತಿದ್ದರೆ ನಮ್ಮಂಥವರಿಗೆ ಮನಸ್ಸಿಗೂ ಮದ್ದುಂಟು ಎಂದು ತಿಳಿಯುವುದು ಹೇಗೆ?

ಮನೋಚಿಕಿತ್ಸೆಯ ಶಾಸ್ತ್ರವೇ ರೋಗಿಗಳ ಕಥೆಗಳಿಂದ ಬೆಳೆದದ್ದು. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಪುಸ್ತಕದ ಮೊದಲ ರೋಗಿಯ ಹೆಸರು 'ಅನ್ನಾ ಓ.' ಅದು ನಿಜವಾದ ಹೆಸರಲ್ಲ. ಆಕೆ ಬರ್ತಾ ಪಾಪೆನ್‌ಹೈಮ್; ಬಿ. ಪಿ. ಎಂಬ ಮೊದಲಕ್ಷರಗಳನ್ನು ಒಂದೊಂದು ಅಕ್ಷರ ಹಿಂದಕ್ಕೆ ಸರಿಸಿದರೆ ಎ. ಓ. ಆಗುತ್ತದೆ. ಆಕೆ ಮುಂದೆ ಜರ್ಮನಿಯಲ್ಲಿ ಯಹೂದಿ ಹೆಂಗಸರ ಒಕ್ಕೂಟವನ್ನು ಕಟ್ಟಿ, ಅನಾಥ ಹೆಣ್ಣುಮಕ್ಕಳಿಗಾಗಿ ದುಡಿದು, 1936ರಲ್ಲಿ ತೀರಿಕೊಂಡರು. 1953ರಲ್ಲಿ ಫ್ರಾಯ್ಡನ ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್ ಆ ಹೆಸರನ್ನು ಬಯಲು ಮಾಡಿದ. ಮುಸುಕು ಐವತ್ತೆಂಟು ವರ್ಷ ಉಳಿಯಿತು; ಆಕೆಯ ಜೀವಮಾನವನ್ನು ದಾಟಿತು. ಆದರೂ ಒಂದು ಬಾಳಿನ ದೊಡ್ಡ ಕೆಲಸವನ್ನೆಲ್ಲ ಬದಿಗೆ ಸರಿಸಿ ಲೋಕ ಇಂದಿಗೂ ಆಕೆಯನ್ನು ನೆನೆಯುವುದು ರೋಗಿಯೆಂದೇ.

ನನ್ನ ಮುಸುಕು ಎಷ್ಟು ಹೊತ್ತು ಉಳಿಯಿತು? ಒಂದು ಹಗಲು. ಏಕೆ ಹೀಗೆ ಎಂದು ಯೋಚಿಸಿದಾಗ ನನಗೆ ಹೊಳೆದದ್ದು ಇದು. ಪುಸ್ತಕದಲ್ಲಿ ಅಚ್ಚಾದದ್ದು ಹೆಚ್ಚಾಗಿ ಅಪರಿಚಿತರ ಕೈ ಸೇರುತ್ತದೆ. ನಮ್ಮ ಬೀದಿಯವರು ಅದನ್ನು ಓದುವ ಸಂಭವ ಕಡಿಮೆ. ಫೋನಿನಲ್ಲಿ ಬರೆದದ್ದು ಮೊದಲು ಹತ್ತಿರದವರ ಕೈ ಸೇರುತ್ತದೆ. ಪರಿಚಯದಿಂದ ಪರಿಚಯಕ್ಕೆ ಹರಿಯುವುದೇ ಅದರ ಸ್ವಭಾವ. ಅಪರಿಚಿತರ ಕಣ್ಣು ತಪ್ಪಿಸಲು ಹೆಸರು ಬದಲಾಯಿಸಿದರೆ ಸಾಕು. ಬಲ್ಲವರ ಕಣ್ಣು ತಪ್ಪಿಸಲು ಏನು ಬದಲಾಯಿಸಬೇಕು? ನಾವು ನಮ್ಮವರನ್ನು ಗುರುತಿಸುವುದು ಹೆಸರಿನಿಂದಲ್ಲ. ನಡಿಗೆಯ ಸದ್ದಿನಿಂದ, ಕೆಮ್ಮಿನಿಂದ, ಬೋರಲು ಹಾಕಿದ ಫೋನಿನಿಂದ. ಗೋಡೆಗೂ ಕಿವಿಯುಂಟು ಎಂದು ಹಿರಿಯರು ಹೇಳಿದರು. ಈ ಕಾಲದ ಗೋಡೆಗೆ ಬಾಯಿಯೂ ಬಂದಿದೆ. ಅದು ಪಕ್ಕದ ಮನೆಯವರಿಗೆ ಮೊದಲು ಹೇಳುತ್ತದೆ.

ಈ ಯಂತ್ರಕ್ಕೆ ಮನುಷ್ಯರ ನೆರವೂ ಬೇಕಿಲ್ಲ. 2016ರಲ್ಲಿ ಅಮೆರಿಕದಲ್ಲಿ ಒಂದು ಪ್ರಸಂಗ ವರದಿಯಾಯಿತು. ಒಬ್ಬ ಮನೋವೈದ್ಯೆಯ ರೋಗಿಗಳಿಗೆ ಫೇಸ್‌ಬುಕ್ 'ಇವರು ನಿಮಗೆ ಗೊತ್ತಿರಬಹುದು' ಎಂದು ಆಕೆಯ ಇತರ ರೋಗಿಗಳನ್ನೇ ತೋರಿಸತೊಡಗಿತು. ಆಕೆ ಯಾರ ಗುಟ್ಟನ್ನೂ ಹೇಳಿರಲಿಲ್ಲ. ಆ ರೋಗಿಗಳಿಗೆ ಒಬ್ಬರಿಗೊಬ್ಬರು ಅಪರಿಚಿತರು. ಅವರೆಲ್ಲರಿಗೂ ಗೊತ್ತಿದ್ದವಳು ವೈದ್ಯೆ ಒಬ್ಬಳೇ. ನಮ್ಮ ಮಹಡಿಯ ಮೆಟ್ಟಿಲಿನ ಬುಡದಲ್ಲಿ ಒಬ್ಬನು ನಿಂತು, ಇಳಿದು ಬರುವವರಿಗೆಲ್ಲ 'ನಿಮ್ಮ ಹಿಂದೆ ಬರುತ್ತಿರುವವರಿಗೂ ಹಲ್ಲುನೋವಿಲ್ಲ' ಎಂದು ಪಿಸುಗುಟ್ಟಿದಂತೆ.

ಕಾನೂನು ಸುಮ್ಮನಿದೆಯೆ ಎಂದರೆ, ಇಲ್ಲ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೆಯ ಕಲಮು, ಮಾನಸಿಕ ಅಸ್ವಸ್ಥತೆಯಿರುವವರ ಚಿಕಿತ್ಸೆಯ ಸಂಗತಿಗಳನ್ನು ಗೋಪ್ಯವಾಗಿಡಬೇಕೆಂದು ವಿಧಿಸುತ್ತದೆ. ಅದನ್ನು ಅವರ ಹಕ್ಕು ಎಂದೇ ಕರೆಯುತ್ತದೆ. ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಕೇಡಾಗುವಂತಿದ್ದಾಗ, ನ್ಯಾಯಾಲಯ ಕೇಳಿದಾಗ ಹೇಳಬಹುದಾದಷ್ಟನ್ನು ಮಾತ್ರ ಹೇಳಲು ಅವಕಾಶ. 24ನೆಯ ಕಲಮು ಈ ಹಕ್ಕು ಕಂಪ್ಯೂಟರು ಮೊದಲಾದ ಯಂತ್ರಗಳಲ್ಲಿ ಕೂಡಿಟ್ಟ ಮಾಹಿತಿಗೂ ಅನ್ವಯಿಸುತ್ತದೆಂದು ಬಿಡಿಸಿ ಹೇಳುತ್ತದೆ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ವೈದ್ಯರಿಗಾಗಿ ಜಾಲತಾಣದ ನಿಯಮಗಳನ್ನೇ ಹೊರಡಿಸಿತು: ರೋಗಿಯ ಚಿಕಿತ್ಸೆಯನ್ನು ಅಲ್ಲಿ ಚರ್ಚಿಸಬೇಡಿ, ರೋಗಿಗಳಿಂದ ಹೊಗಳಿಕೆ ಬರೆಸಿಕೊಳ್ಳಬೇಡಿ, ಲೈಕುಗಳನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಬೇರೆ ಕಾರಣಗಳಿಗಾಗಿ ಎದ್ದ ಗದ್ದಲದಲ್ಲಿ ಆ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿಯಲಾಯಿತು. ಆದರೆ ಕಾನೂನಿನಿಂದ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆಕೆಯ ಮೇಲೆ ದೂರು ಕೊಡುವ ಮನಸ್ಸು ನನಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಕುರ್ಚಿ. ಮೊದಲ ದಿನ ಇದ್ದ ಹಾಗೆ.

ಒಂದು ವಾರ ಬಿಟ್ಟು ಹೋದೆ. ಬರಹವನ್ನು ಆಕೆಯ ಮುಂದಿಟ್ಟು, "ಇದು ನಮ್ಮ ಕಾಲೇಜಿನ ಗುಂಪಿಗೆ ಬಂತು, ಮೇಡಂ. ಮನೆಗೂ ಬಂತು" ಎಂದೆ. ಆಕೆಯ ಮುಖ ಬಿಳಿಚಿತು. ಬೇರೆಯವರಾಗಿದ್ದರೆ 'ಹೆಸರು ಹಾಕಿಲ್ಲವಲ್ಲ ಸರ್' ಎನ್ನುತ್ತಿದ್ದರು. ಆಕೆ ಅನ್ನಲಿಲ್ಲ. ಫೋನು ತೆಗೆದು ನನ್ನೆದುರಿಗೇ ಬರಹವನ್ನು ಅಳಿಸಿದರು. "ಹೆಸರು ಹಾಕಲಿಲ್ಲ ಎನ್ನುವುದೇ ನನಗೆ ಸಾಕಾಗಿಹೋಯಿತು. ನಿಮ್ಮನ್ನು ಕೇಳಬೇಕಾಗಿತ್ತು. ಕೇಳಿದ್ದರೂ ತಪ್ಪೇ, ನಾನು ಕೇಳಿದರೆ ನೀವು ಬೇಡ ಎನ್ನುವುದು ಕಷ್ಟವಾಗುತ್ತಿತ್ತು" ಎಂದರು. ಈ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ನಿಜವೆ. ಕಷ್ಟಕಾಲದಲ್ಲಿ ಕೈ ಹಿಡಿದವರು 'ನಿಮ್ಮ ಕಥೆ ಬರೆಯಲೆ?' ಎಂದರೆ, ಇಲ್ಲ ಎನ್ನುವಷ್ಟು ಗಟ್ಟಿತನ ಆ ಸ್ಥಿತಿಯಲ್ಲಿ ಯಾರಿಗಿರುತ್ತದೆ? ಅಂಥ ಒಪ್ಪಿಗೆ ಸಾಲಗಾರನ ನಗುವಿನ ಹಾಗೆ.

ಸ್ವಲ್ಪ ಹೊತ್ತಾದ ಮೇಲೆ ಆಕೆ ಇನ್ನೊಂದು ಮಾತು ಹೇಳಿದರು. ನಾನು ಫೋನಿನ ಸಂಗತಿ ಹೇಳಿದ ದಿನ ಆಕೆಗೂ ನಿದ್ರೆ ಬರಲಿಲ್ಲವಂತೆ. "ಇಂಥವನ್ನು ಹೊತ್ತುಕೊಂಡು ಇರುವುದು ನಮಗೂ ಕಷ್ಟ, ಸರ್. ಅದಕ್ಕೇ ನಮಗೊಬ್ಬ ಹಿರಿಯರಿರುತ್ತಾರೆ. ಅವರ ಹತ್ತಿರ ಹೇಳಿಕೊಳ್ಳಬೇಕು. ಆ ತಿಂಗಳು ನಾನು ಅವರ ಹತ್ತಿರ ಹೋಗಿರಲಿಲ್ಲ. ಅವರಿಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳಿದೆ." ಆ ವೃತ್ತಿಯಲ್ಲಿ ಇದು ಹಳೆಯ ಏರ್ಪಾಡು: ಚಿಕಿತ್ಸಕರು ತಮಗಿಂತ ಅನುಭವಸ್ಥರಾದ ಒಬ್ಬರ ಮುಂದೆ ಕಾಲಕಾಲಕ್ಕೆ ಕುಳಿತು ತಮ್ಮ ಕೆಲಸವನ್ನೂ ತಮ್ಮ ಭಾರವನ್ನೂ ಬಿಚ್ಚಿಡುತ್ತಾರೆ, ಗೋಪ್ಯದ ಕಟ್ಟು ಆ ಹಿರಿಯರಿಗೂ ಅಷ್ಟೇ ಬಿಗಿ.

ನನಗೆ ಅಜ್ಜಿಯ ಕಥೆ ನೆನಪಾದದ್ದು ಆಗ. ಕ್ಷೌರಿಕನ ತಪ್ಪು ಹೇಳಿದ್ದರಲ್ಲಿರಲಿಲ್ಲ. ಹೇಳದೆ ಮನುಷ್ಯನು ಬದುಕುವುದು ಹೇಗೆ? ಎಲ್ಲಿ ಹೇಳಿದ ಎನ್ನುವುದೇ ತಪ್ಪು. ಕಾಡಿನಲ್ಲಿ ಯಾರೂ ಇಲ್ಲವೆಂದು ನಂಬಿದ. ರಾತ್ರಿ ಹನ್ನೊಂದು ಗಂಟೆಗೆ, ಒಬ್ಬಂಟಿಯಾಗಿ, ಕೈಯಲ್ಲಿ ಫೋನು ಹಿಡಿದು ಬರೆಯುವವರಿಗೂ ಹಾಗೆಯೇ ಅನ್ನಿಸುತ್ತದೆ: ಇಲ್ಲಿ ನಾನು, ಈ ಬೆಳಕಿನ ಚೌಕ, ಮತ್ತೆ ಯಾರೂ ಇಲ್ಲ. ಗುಟ್ಟು ಕಾಯುವವರಿಗೆ ಗುಟ್ಟು ಹೇಳಿಕೊಳ್ಳಲು ಒಂದು ಜಾಗ ಇರಬೇಕು. ಆ ಜಾಗ ಪೊಟರೆಯಾಗಿರಬಾರದು, ಮನುಷ್ಯನಾಗಿರಬೇಕು. ಈ ವೃತ್ತಿಯ ನೀತಿಯ ಮಾತೆಲ್ಲ ನನ್ನ ಬುದ್ಧಿಗೆ ತಿಳಿದಮಟ್ಟಿಗೆ ಇಷ್ಟೆ.

ಆಕೆಯನ್ನು ನಾನು ಇಷ್ಟು ಸುಲಭವಾಗಿ ಕ್ಷಮಿಸಿದ್ದಕ್ಕೆ ನನ್ನ ದೊಡ್ಡತನ ಕಾರಣವಲ್ಲ. ನನ್ನ ಲೆಕ್ಕದಲ್ಲಿಯೂ ಒಂದು ಬಾಕಿ ಇತ್ತು. ಹನ್ನೆರಡು ವರ್ಷದ ಹಿಂದೆ ನಾನು ಇಂಥದೇ ಒಂದು ಪುರವಣಿಗೆ ರಜಾಚೀಟಿಗಳ ಮೇಲೊಂದು ಹಾಸ್ಯ ಪ್ರಬಂಧ ಬರೆದಿದ್ದೆ. ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ರಜೆಗೆ ಕೊಟ್ಟ ಕಾರಣವನ್ನು ಅದರಲ್ಲಿ ಎತ್ತಿ ಬರೆದೆ. ಹೆಸರು ಹಾಕಿರಲಿಲ್ಲ, ನನಗೂ ಅದೇ ಸಾಕಾಗಿತ್ತು. ಪ್ರಬಂಧವನ್ನು ಮೆಚ್ಚಿ ನಾಲ್ಕು ಪತ್ರ ಬಂದವು. ತರಗತಿಯ ಹುಡುಗರು ಅದನ್ನು ಓದಿದರು, ಗುರುತು ಹಿಡಿದರು, ಆ ಕಾರಣವನ್ನೇ ಅವನ ಅಡ್ಡಹೆಸರು ಮಾಡಿದರು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ಹಿಂದಕ್ಕೆ ಹೋದ. ವರ್ಷದ ಕೊನೆಯಲ್ಲಿ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತು, "ಸಾರ್, ಆ ಚೀಟಿ ನಾನು ನಿಮಗೆ ಬರೆದದ್ದು" ಎಂದ. ಅಷ್ಟೇ ಹೇಳಿ ಹೋದ. ಕೋಪ ಕೂಡ ಇರಲಿಲ್ಲ.

ಆಪ್ತಸಮಾಲೋಚಕಿಗೆ ಅಳಿಸಲು ಒಂದು ಗುಂಡಿಯಾದರೂ ಇತ್ತು. ಅಚ್ಚಾದ ಪುರವಣಿಗೆ ಅದೂ ಇಲ್ಲ. ಆ ಹುಡುಗ ರಜೆಗೆ ಕೊಟ್ಟಿದ್ದ ಕಾರಣವೇನೆಂದು ಓದುಗರಿಗೆ ಕುತೂಹಲವಾಗಿರಬಹುದು. ಹೇಳಿದರೆ ನೀವೂ ನಗುತ್ತೀರಿ. ಈ ಸಲ ಹೇಳುವುದಿಲ್ಲ. ಇತ್ತೀಚೆಗೆ ಒಂದು ರಾತ್ರಿ ಅವನ ಹೆಸರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಲು ಹೊರಟು, ನಾಲ್ಕು ಅಕ್ಷರ ಬರೆದು, ನಿಲ್ಲಿಸಿದೆ. ಇಣುಕಿ ನೋಡುವುದರಿಂದ ತೀರುವ ಸಾಲವಲ್ಲ ಅದು.

ಇದನ್ನು ಓದಿ ಯಾರೂ ಚಿಕಿತ್ಸೆಗೆ ಹೋಗುವುದನ್ನು ನಿಲ್ಲಿಸಬಾರದೆಂದು ನನ್ನ ಬಿನ್ನಹ. ಮಹಡಿಯ ಮೆಟ್ಟಿಲು ಹತ್ತಲು ಸಂಕೋಚವಿರುವವರಿಗೆ ಸರ್ಕಾರದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಮುಖ ತೋರಿಸದೆ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ. ಹಲ್ಲುನೋವಿನ ಸುಳ್ಳೂ ಬೇಕಾಗುವುದಿಲ್ಲ. ನಾನಂತೂ ಅದೇ ಮಹಡಿಗೆ, ಅದೇ ಕುರ್ಚಿಗೆ ಈಗಲೂ ಹೋಗುತ್ತೇನೆ. ಕುರ್ಚಿ ಮೊದಲ ದಿನದಂತಿಲ್ಲ. ಅದರ ಒಂದು ಕಾಲು ಸ್ವಲ್ಪ ಅಲುಗುತ್ತದೆ. ಆದರೆ ಕೂರುವವನಿಗೂ ಕೂರಿಸುವವರಿಗೂ ಅದು ತಿಳಿದಿರುವುದರಿಂದ ಬೀಳುವ ಭಯವಿಲ್ಲ. ಈ ಪ್ರಬಂಧವನ್ನು ಅಂಚೆಗೆ ಹಾಕುವ ಮೊದಲು ಆಕೆಗೂ ನನ್ನ ಹೆಂಡತಿಗೂ ಓದಲು ಕೊಟ್ಟೆ. ಇಬ್ಬರೂ ಕೆಲವು ವಿವರಗಳನ್ನು ಬದಲಾಯಿಸಲು ಹೇಳಿದರು; ಬದಲಾಯಿಸಿದ್ದೇನೆ. ಯಾವುವೆಂದು ಕೇಳಬೇಡಿ.

ಅಜ್ಜಿಯ ಕಥೆಯಲ್ಲಿ ರಾಜನು ಕೊನೆಗೆ ಕ್ಷೌರಿಕನನ್ನು ಕ್ಷಮಿಸುತ್ತಾನೆ. "ಮದ್ದಲೆ ಏನಾಯಿತಜ್ಜಿ?" ಎಂದು ನಾನು ಒಮ್ಮೆ ಕೇಳಿದ್ದೆ. "ಅದಕ್ಕೇನಾಗುತ್ತೆ? ಬಾರಿಸೋರು ಇರೋವರೆಗೂ ನುಡೀತಾನೇ ಇರುತ್ತೆ ಕಣೋ" ಎಂದಿದ್ದಳು. ಆಕೆಯ ಪುಟದಿಂದ ಬರಹ ಅಳಿದು ಬಹಳ ದಿನಗಳಾದವು. ಹೋದ ವಾರ ನಮ್ಮ ನೆಂಟರ ಗುಂಪಿನಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಬರೆದವರ ಹೆಸರು ದಾರಿಯಲ್ಲೆಲ್ಲೋ ಉದುರಿಹೋಗಿತ್ತು. 'ಓದಿ, ಹಂಚಿ' ಎಂದು ಚಿಕ್ಕಪ್ಪನ ಮಗ ಹಾಕಿದ್ದ. ಅವನ ಪ್ರಕಾರ ನನಗೆ ಹಲ್ಲುನೋವು. ಎಲ್ಲರೂ ಕೈಮುಗಿದಿದ್ದರು. ಈ ಸಲ ನಾನು ಕೈಮುಗಿಯಲಿಲ್ಲ.